ಅಣ್ಣನ ಪ್ಲೇಸ್ಟೇಷನ್ 2 ಅನ್ನು ಕೈಯಲ್ಲಿ ಹಿಡಿದು ಆಡುವ ಹಾಗೆ ಮಾಡಬಹುದಾ?

ಪೆರ್ಲದ ಹುಡುಗ · ಜೂನ್ 8

ಎಲ್ಲರಿಗೂ ನಮಸ್ಕಾರ. ನಮ್ಮಣ್ಣ ಶಾರ್ಜಾದಲ್ಲಿ ಕೆಲಸಕ್ಕಿದ್ದ. 2007ರ ರಜೆಗೆ ಊರಿಗೆ ಬರುವಾಗ ಟಿವಿಗೆ ಹಾಕಿ ಡಿಸ್ಕಿನಿಂದ ಆಡುವ ಗೇಮ್ ಯಂತ್ರ, ಒಂದು ಪ್ಲೇಸ್ಟೇಷನ್ 2 ತಂದ. ತೆಳು ಮಾಡೆಲ್, 77000 ಸರಣಿಯದ್ದು. ನಾನಾಗ ಒಂದನೇ ಕ್ಲಾಸು. ನೆರೆಕರೆಯ ಮಕ್ಕಳೆಲ್ಲ ಸಂಜೆ ನಮ್ಮ ಚಾವಡಿಯಲ್ಲೇ ಇರುತ್ತಿದ್ದರು. ಹದಿನೈದು ವರ್ಷಕ್ಕೂ ಜಾಸ್ತಿ ಅದು ಓಡಿದೆ.

ಈ ಸಲ ಏಪ್ರಿಲ್‌ನ ಸಿಡಿಲಿಗೆ ಅಡಾಪ್ಟರ್ ಹೋಯಿತು. ಟಿವಿಯೂ ಹೋಯಿತು. ಹೊಸ ಟಿವಿಯಲ್ಲಿ ಹಳದಿ, ಕೆಂಪು, ಬಿಳಿ ಪಿನ್ ಚುಚ್ಚುವ ಜಾಗವೇ ಇಲ್ಲ. ಆಗ ಈ ಯೋಚನೆ ಬಂತು. ಡಿಸ್ಕ್ ತಿರುಗುವ ಭಾಗ ತೆಗೆದು, ಬೋರ್ಡನ್ನು ಕತ್ತರಿಸಿ ಸಣ್ಣದು ಮಾಡಿ, ಐದಿಂಚಿನ ಸ್ಕ್ರೀನ್ ಮತ್ತು ಬ್ಯಾಟರಿ ಕೂರಿಸಿದರೆ ಕೈಯಲ್ಲೇ ಹಿಡಿದು ಆಡಬಹುದಲ್ವಾ? ನಮ್ಮಲ್ಲಿ ಮಳೆಗಾಲದಲ್ಲಿ ಲೈನಿನ ಮೇಲೆ ಒಂದು ಮರ ಬಿದ್ದರೆ ಮರುದಿನದವರೆಗೆ ಕರೆಂಟ್ ಇರುವುದಿಲ್ಲ. ಅಕ್ಕನ ಮಕ್ಕಳು ರಜೆಗೆ ಬಂದಾಗ ಆಡಲಿ ಅಂತ ಆಸೆ.

ನನ್ನ ಹತ್ತಿರ 25 ವ್ಯಾಟಿನ ಸೋಲ್ಡರಿಂಗ್ ಐರನ್ ಮತ್ತು ಮಲ್ಟಿಮೀಟರ್ ಉಂಟು. ಇಯರ್‌ಫೋನ್, ಟಾರ್ಚ್ ಸರಿ ಮಾಡಿ ಅಭ್ಯಾಸ. ಬೋರ್ಡನ್ನು ಎಲ್ಲಿ ಕತ್ತರಿಸಬೇಕು ಎಂದು ಗೊತ್ತಿದ್ದವರು ಹೇಳಿ. ಶನಿವಾರ ಮಂಗಳೂರಿಗೆ ಹೋಗುತ್ತೇನೆ. ಏನೇನು ತರಬೇಕು ಅಂತಲೂ ತಿಳಿಸಿ.

ಬದಿಯಡ್ಕ ರೇಡಿಯೋ · ಜೂನ್ 8

ತಮ್ಮಾ, ಕತ್ತರಿಸುವ ಮಾತು ಈಗ ಬೇಡ. ಅದು ಬದುಕಿದೆಯಾ ಸತ್ತಿದೆಯಾ ಅಂತ ಮೊದಲು ನೋಡು. ಸಿಡಿಲಿಗೆ ಅಡಾಪ್ಟರ್ ಹೋದರೆ ಒಳಗಿನದೂ ಹೋಗಿದೆ ಅಂತ ಅಲ್ಲ. ಎಷ್ಟೋ ಸಲ ಅಡಾಪ್ಟರ್ ತಾನು ಸತ್ತು ಒಳಗಿನ ಬೋರ್ಡನ್ನು ಉಳಿಸಿರುತ್ತದೆ. ಮೂವತ್ತು ವರ್ಷ ರೇಡಿಯೋ, ಟಿವಿ ಬಿಚ್ಚಿ ಕೂತಿದ್ದೇನೆ, ಇದನ್ನು ಪ್ರತಿ ಮಳೆಗಾಲ ಕಂಡಿದ್ದೇನೆ.

ಹಳೆ ಅಡಾಪ್ಟರಿನ ಮೇಲೆ 8.5 ವೋಲ್ಟ್, 5 ಆಂಪಿಗಿಂತ ಜಾಸ್ತಿ ಅಂತ ಬರೆದಿರಬೇಕು. ಮುಚ್ಚಳ ತೆಗೆ. ಕರೆಂಟ್ ತಾಗುವ ತೂತಿನ ಹತ್ತಿರ ಬೋರ್ಡಿನ ಮೇಲೆ ಅಕ್ಕಿಕಾಳಿನಷ್ಟು ಸಣ್ಣ ಫ್ಯೂಸ್ ಇರುತ್ತದೆ. ಏನೂ ಚುಚ್ಚದೆ ಮೀಟರನ್ನು ಬೀಪ್‌ಗೆ ಇಟ್ಟು ಎರಡು ತುದಿಗೂ ಮುಟ್ಟಿಸು. ಬೀಪ್ ಬಂದರೆ ಅರ್ಧ ಗೆದ್ದ ಹಾಗೆ. ಆಮೇಲೆ ವೋಲ್ಟೇಜ್ ತಿರುಗಿಸಿ ಇಡುವ ಪವರ್ ಸಪ್ಲೈ ಇರುವ ಅಂಗಡಿಗೆ ತೆಗೆದುಕೊಂಡು ಹೋಗು. ಆಂಪ್ ಮಿತಿ ಸಣ್ಣದಿಟ್ಟು 8.5 ವೋಲ್ಟ್ ಕೊಡಲಿ. ಮುಂದಿನ ಕೆಂಪು ದೀಪ ಹತ್ತಿದರೆ ಜೀವ ಉಂಟು.

ಜೀವ ಇದ್ದರೆ ಅದನ್ನು ಕತ್ತರಿಸಬೇಡ. ಅಣ್ಣ ತಂದದ್ದು ಅಂತ ನೀನೇ ಬರೆದಿದ್ದೀಯಲ್ಲ.

ಹೊಸೂರು ಬೋರ್ಡ್ · ಜೂನ್ 9

ಮೇಲೆ ಹಿರಿಯರು ಹೇಳಿದ್ದು ಪೂರ್ತಿ ಸರಿ. ನಾನು ಹೊಸೂರಿನಲ್ಲಿ ಸರ್ಕ್ಯೂಟ್ ಬೋರ್ಡ್ ಜೋಡಿಸುವ ಕಡೆ ಕೆಲಸ ಮಾಡುತ್ತೇನೆ. ನಿಂಟೆಂಡೊ ಕಂಪನಿಯ ವೀ ಅನ್ನುವ ಗೇಮ್ ಯಂತ್ರ ಒಂದನ್ನು ಕತ್ತರಿಸಿ ಕೈಗೇಮ್ ಮಾಡಿದ್ದೇನೆ. ಎಂಟು ತಿಂಗಳು ಹಿಡಿಯಿತು. ನಡುವೆ ಎರಡು ಬೋರ್ಡ್ ಸತ್ತವು. ಹಾಗಾಗಿ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಕತ್ತರಿಸುವುದು ಅಂದರೆ ಮರ ಕೊಯ್ದ ಹಾಗಲ್ಲ. ಈ ಬೋರ್ಡುಗಳಲ್ಲಿ ತಾಮ್ರದ ಗೆರೆ ಮೇಲೆ, ಕೆಳಗೆ ಮಾತ್ರ ಇರುವುದಿಲ್ಲ. ನಡುವೆಯೂ ಪದರ ಪದರವಾಗಿ ಇರುತ್ತವೆ. ಗರಗಸ ಹೋದ ಕಡೆ ಒಂದು ಪದರದ ತಾಮ್ರ ಇನ್ನೊಂದಕ್ಕೆ ತಾಗಿ ಶಾರ್ಟ್ ಆಗುತ್ತದೆ. ಕೊಯ್ದ ಅಂಚನ್ನು ನೀರು ಹಾಕಿ ನಯವಾದ ಮರಳು ಕಾಗದದಲ್ಲಿ ಉಜ್ಜಬೇಕು, ಭೂತಗನ್ನಡಿಯಲ್ಲಿ ನೋಡಬೇಕು, ಮತ್ತೆ ಉಜ್ಜಬೇಕು. ನನ್ನ ಮೊದಲ ಬೋರ್ಡ್ ಸತ್ತಿದ್ದು ಈ ಅಂಚಿನಿಂದಲೇ.

ವೀ ಕತ್ತರಿಸುವವರು ಜಾಸ್ತಿ ಇರುವುದಕ್ಕೆ ಕಾರಣ ಇದೆ. 2006ರ ಯಂತ್ರ ಅದು. ಪ್ರೊಸೆಸರ್ 729 ಮೆಗಾಹರ್ಟ್ಸ್, ತನ್ನ ಕಾಲದ ಬೇರೆ ಯಂತ್ರಗಳಿಗಿಂತ ತುಂಬಾ ಕಡಿಮೆ ಬಿಸಿ. ನಿಂಟೆಂಡೊದ ಹಿಂದಿನ ಯಂತ್ರ ಗೇಮ್‌ಕ್ಯೂಬ್‌ನ ಆಟಗಳೂ ಅದರಲ್ಲೇ ಓಡುತ್ತವೆ. ಒಳಗೆ ಅದಕ್ಕೆ ಬೇಕಾದದ್ದು ನಾಲ್ಕು ವೋಲ್ಟೇಜ್: 1, 1.15, 1.8 ಮತ್ತು 3.3. ಕತ್ತರಿಸುವಾಗ ಈ ವೋಲ್ಟೇಜ್ ಮಾಡುವ ಭಾಗವೇ ಹೊರಗೆ ಹೋಗುತ್ತದೆ. ಆಮೇಲೆ ನಾಲ್ಕನ್ನೂ ನಾವೇ ಬೇರೆ ಮಾಡಿ ಕೊಡಬೇಕು. 1 ವೋಲ್ಟ್ ಬೇಕಾದಲ್ಲಿ 3.3 ಹೋದರೆ ಒಂದು ಕ್ಷಣದಲ್ಲಿ ಮುಗಿಯಿತು. ನನ್ನ ಎರಡನೇ ಬೋರ್ಡ್ ಹೋಗಿದ್ದು ಹಾಗೆ.

ಇನ್ನು ನಿಮ್ಮ ಪ್ಲೇಸ್ಟೇಷನ್ 2, ಅಂದರೆ ಪಿಎಸ್2. 75000 ಸರಣಿಯಿಂದ ಮುಂದೆ ಲೆಕ್ಕ ಮಾಡುವ ಎಮೋಷನ್ ಎಂಜಿನ್, ಚಿತ್ರ ಬಿಡಿಸುವ ಗ್ರಾಫಿಕ್ಸ್ ಸಿಂಥಸೈಜರ್ ಎರಡನ್ನೂ ಒಂದೇ ಚಿಪ್ಪಿನಲ್ಲಿ ಸೇರಿಸಿದ್ದಾರೆ. ಹಾಗಾಗಿ 77000 ಈ ಕೆಲಸಕ್ಕೆ ಒಳ್ಳೆಯದೇ. ಪೆಟ್ಟಿಗೆಯೂ 230 ಮಿ.ಮೀ. ಅಗಲ, 28 ಮಿ.ಮೀ. ದಪ್ಪ ಅಷ್ಟೇ. ಕತ್ತರಿಸದೆ ಇದ್ದರೂ ದೊಡ್ಡ ಪುಸ್ತಕದಷ್ಟು ಆಗುತ್ತದೆ. ಡಿಸ್ಕ್ ತೆಗೆದ ಮೇಲೆ ಆಟ ಎಲ್ಲಿಂದ ಓದಿಸುವುದು? ಹಿಂದಿನವರು ಪೆನ್‌ಡ್ರೈವ್ ಹಾಕುತ್ತಿದ್ದರು. ಆದರೆ ಪಿಎಸ್2ರ ಯುಎಸ್‌ಬಿ ಹಳೆ 1.1 ಬಗೆಯದ್ದು. ಡಿಸ್ಕಿಗಿಂತಲೂ ನಿಧಾನ. ಆಟದ ನಡುವೆ ಬರುವ ವಿಡಿಯೋ ತಡವರಿಸುತ್ತದೆ. ಈಗ ಮೆಮೊರಿ ಕಾರ್ಡ್ ಜಾಗಕ್ಕೆ ಹಾಕುವ ಮೈಕ್ರೋ ಎಸ್‌ಡಿ ಅಡಾಪ್ಟರ್ ಸಿಗುತ್ತದೆ, ಅದು ಯುಎಸ್‌ಬಿಗಿಂತ ವೇಗ. ನಿಮ್ಮಲ್ಲಿರುವ ಡಿಸ್ಕ್‌ಗಳಿಂದಲೇ ಪ್ರತಿ ಮಾಡಿಕೊಳ್ಳಿ.

ಇಷ್ಟು ಹೇಳಿದ್ದು ಹೆದರಿಸಲು ಅಲ್ಲ. ಇದು ಮೊದಲ ಕೆಲಸ ಆಗಬಾರದು, ಮೂರನೇ ಕೆಲಸ ಆಗಲಿ. ಮನೆಯಲ್ಲಿ ಕ್ಯಾಸೆಟ್ ಹಾಕುವ ಹಳೆ ಟಿವಿ ಗೇಮ್ ಇದೆಯಾ?

ಮಂಜೇಶ್ವರ ಟೀಚರ್ · ಜೂನ್ 9

ಒಳ್ಳೆಯ ಪ್ರಶ್ನೆ. ಟಿವಿ ಗೇಮ್ ಸಿಕ್ಕಿದರೆ ತಿಳಿಸು ಮಗಾ, ಬ್ಯಾಟರಿ ಲೆಕ್ಕ ನಾನು ಮಾಡಿಸುತ್ತೇನೆ. ಹೈಸ್ಕೂಲು ಮಕ್ಕಳಿಗೆ ಓಮ್‌ನ ನಿಯಮ ಹೇಳಿಕೊಡುವಾಗ ಇಂಥ ಒಂದು ಕೆಲಸ ಕಣ್ಣೆದುರು ಇದ್ದರೆ ಎಷ್ಟು ಸುಲಭ ಅಂತ ಯಾವಾಗಲೂ ಅನಿಸುತ್ತದೆ.

ಪೆರ್ಲದ ಹುಡುಗ · ಜೂನ್ 13

ಅಟ್ಟದಲ್ಲಿ ಸಿಕ್ಕಿತು! ಅಡಿಕೆ ಗೋಣಿಯ ಹಿಂದೆ, ಹಳೆ ಬಿಸ್ಕತ್ತು ಡಬ್ಬಿಯಲ್ಲಿ. ಕುಂಬಳೆ ಪೇಟೆಯಿಂದ ಅಪ್ಪ ತಂದಿದ್ದ ಟಿವಿ ಗೇಮ್. ಎರಡು ರಿಮೋಟ್, ಒಂದು ಬಂದೂಕು, ನಾಲ್ಕು ಕ್ಯಾಸೆಟ್. ಬಿಚ್ಚಿ ನೋಡಿದೆ. ಅಂಗೈಯಷ್ಟು ಬೋರ್ಡ್. ನಡುವೆ ಡಾಂಬರು ತೊಟ್ಟಿಕ್ಕಿಸಿದ ಹಾಗೆ ಒಂದು ಕಪ್ಪು ಉಂಡೆ. ಬದಿಯಲ್ಲಿ ಮೂರು ಕಾಲಿನ ಒಂದು ಐಸಿ, 7805 ಅಂತ ಬರೆದಿದೆ. ಇರುವೆ ಗೂಡು ಕಟ್ಟಿತ್ತು. ಕ್ಯಾಸೆಟ್ ಚುಚ್ಚುವ ಕಡೆ ಹಸಿರು ಕಿಲುಬು ಹಿಡಿದಿದೆ.

ಪಿಎಸ್2ರ ಫ್ಯೂಸ್ ನೋಡಿದೆ ಮಾವ. ಬೀಪ್ ಬಂತು.

ಬದಿಯಡ್ಕ ರೇಡಿಯೋ · ಜೂನ್ 13

ಬೀಪ್ ಬಂತಲ್ಲ, ಸಂತೋಷ. ಅದನ್ನು ಹಾಗೇ ಮುಚ್ಚಿಡು.

ಟಿವಿ ಗೇಮ್‌ಗೆ ಬಾ. ಆ ಕಪ್ಪು ಉಂಡೆಯ ಅಡಿಯಲ್ಲೇ ಇಡೀ ಯಂತ್ರ ಇದೆ. ಜಪಾನಿನಲ್ಲಿ 1983ರಲ್ಲಿ ಬಂದ ನಿಂಟೆಂಡೊದ ಫ್ಯಾಮಿಕಾಮ್ ಅನ್ನುವ ಗೇಮ್ ಯಂತ್ರದಲ್ಲಿ ಬೇರೆ ಬೇರೆ ಇದ್ದ ಚಿಪ್‌ಗಳನ್ನೆಲ್ಲ ಆಮೇಲೆ ಒಂದೇ ಚಿಪ್ಪಿನಲ್ಲಿ ತುಂಬಿಸಿ ಇಂಥ ಅಗ್ಗದ ಗೇಮ್ ಮಾಡಿದರು. ನಿನ್ನ ಕ್ಯಾಸೆಟ್‌ನ ಕಾಲು ಎಣಿಸು, 60 ಇರುತ್ತದೆ. ಅದೂ ಫ್ಯಾಮಿಕಾಮ್‌ನ ಲೆಕ್ಕವೇ. ಉಂಡೆಯನ್ನು ಮಾತ್ರ ಕೆರೆಯಲು ಹೋಗಬೇಡ. ಒಳಗೆ ಕೂದಲಿಗಿಂತ ತೆಳು ತಂತಿ ಇರುತ್ತವೆ, ತುಂಡಾದರೆ ಮತ್ತೆ ಕೂಡಿಸಲು ಆಗುವುದಿಲ್ಲ.

ಕಿಲುಬು ತೆಗೆಯಲು ಐಸೊಪ್ರೊಪೈಲ್ ಆಲ್ಕೋಹಾಲ್, ಹಲ್ಲುಜ್ಜುವ ಹಳೆ ಬ್ರಶ್ ಸಾಕು. ಕ್ಯಾಸೆಟ್‌ನ ಕಾಲಿಗೆ ಪೆನ್ಸಿಲ್ ರಬ್ಬರ್. ಬಾಯಲ್ಲಿ ಊದಬೇಡ. ನಾವೆಲ್ಲ ಊದಿದವರೇ, ಆದರೆ ಎಂಜಲಿನ ಪಸೆಯಿಂದಲೇ ಕಿಲುಬು ಜಾಸ್ತಿ ಆಗುವುದು.

7805ರ ಕೆಲಸ ಎಂತದ್ದು ಅಂದರೆ, 9 ವೋಲ್ಟ್ ಬಂದರೆ 5 ಮಾಡಿ ಕೊಡುವುದು. ಉಳಿದ 4 ವೋಲ್ಟನ್ನು ಸುಮ್ನೆ ಬಿಸಿ ಮಾಡಿ ಕಳೆಯುತ್ತದೆ. ಗೋಡೆಯ ಕರೆಂಟಿಗೆ ಅದು ನಡೆಯುತ್ತದೆ. ಬ್ಯಾಟರಿಗೆ ನಡೆಯುವುದಿಲ್ಲ. ಅದನ್ನು ಬಿಚ್ಚಿ ತೆಗೆ. ಅದರ ಮೂರನೇ ಕಾಲು ಇದ್ದ ಜಾಗಕ್ಕೆ ನೇರವಾಗಿ 5 ವೋಲ್ಟ್ ಕೊಡು. ತೆಗೆಯುವ ಮೊದಲು ಎಷ್ಟು ಕರೆಂಟ್ ಎಳೆಯುತ್ತದೆ ಅಂತ ಮೀಟರಿನಲ್ಲಿ ನೋಡಿ ಟೀಚರಿಗೆ ಹೇಳು.

ಅಕ್ಕಲಕೋಟೆ · ಜೂನ್ 14

ನಮಸ್ಕಾರ್ರಿ ಎಲ್ಲರಿಗೂ. ನಾನು ಅಕ್ಕಲಕೋಟೆಯವ. ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬೇಡ್ರಿ. ರಾಸ್ಪ್‌ಬೆರಿ ಪೈ ಝೀರೊ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡ್ ತಗೊಂಡು ಒಂದು ಸಣ್ಣ ಪೆಟ್ಟಿಗೆಯಲ್ಲಿ ಇಟ್ಟರೆ ಈ ಹಳೆ ಆಟ ಎಲ್ಲ ಅದರಲ್ಲೇ ಓಡುತ್ತವೆ. ಹಳೆ ಯಂತ್ರ ಬಿಚ್ಚೋದೂ ಬೇಡ, ಬಿಸಿಯೂ ಕಡಿಮೆ, ಬ್ಯಾಟರಿಯೂ ಜಾಸ್ತಿ ಹೊತ್ತು ಬರುತ್ತದೆ. ನಮ್ಮಲ್ಲಿ ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಆ ಸೆಕೆಯಲ್ಲಿ ನಾನು ಮಾಡಿದ್ದು ಅದನ್ನೇ. ನನ್ನ ಮಗಳು ದಿನಾ ಆಡುತ್ತಾಳೆ.

ಹೊಸೂರು ಬೋರ್ಡ್ · ಜೂನ್ 14

ಅಣ್ಣಾರೆ, ನಿಮ್ಮ ಮಾತು ಸರಿಯಾಗಿದೆ. ಬರೀ ಆಡುವುದೇ ಮುಖ್ಯ ಆಗಿದ್ದರೆ ನಾನೂ ಪೈ ತಗೊಳ್ಳಿ ಅಂತಲೇ ಹೇಳುತ್ತಿದ್ದೆ.

ಆದರೆ ಇಲ್ಲಿ ಹುಡುಗನಿಗೆ ಬೇಕಾದದ್ದು ಆ ಡಬ್ಬಿಯೊಳಗಿನ ಯಂತ್ರವೇ ಅಲ್ವಾ? ಅದೇ ಕ್ಯಾಸೆಟ್ ಚುಚ್ಚಿ ಅದೇ ಚಿಪ್ಪಿನಿಂದ ಚಿತ್ರ ಬರಬೇಕು. ದೊಡ್ಡ ಕಂಪನಿಗಳಿಗೂ ಇದೇ ಆಸೆ ಇತ್ತು. ಸೆಗಾ ಕಂಪನಿಯವರು 1995ರಲ್ಲಿ ನೊಮ್ಯಾಡ್ ಅನ್ನುವ ಕೈಗೇಮ್ ತಂದರು. ಮನೆಯಲ್ಲಿ ಟಿವಿಗೆ ಹಾಕುವ ಅವರದೇ ಮೆಗಾ ಡ್ರೈವ್‌ನ ಕ್ಯಾಸೆಟ್‌ಗಳೇ ಅದಕ್ಕೂ. ಆರು ಪೆನ್ಸಿಲ್ ಸೆಲ್ ಹಾಕಿದರೆ ಎರಡು ಮೂರು ಗಂಟೆಯಲ್ಲಿ ಖಾಲಿ. ಅಮೆರಿಕದ ಬೆಂಜಮಿನ್ ಹೆಕೆಂಡಾರ್ನ್ ಅನ್ನುವವರು 1977ರ ಟಿವಿ ಗೇಮ್ ಅಟಾರಿ 2600 ಅನ್ನು ಮನೆಯಲ್ಲೇ ಕೈಗೇಮ್ ಮಾಡಿ ತೋರಿಸಿದ ಮೇಲೆ ಈ ಹವ್ಯಾಸ ಎಲ್ಲ ಕಡೆ ಹಬ್ಬಿತು. ನಾನು ಕಲಿತದ್ದೂ ಅವರು ಮಾಡಿದ್ದನ್ನು ನೋಡಿಯೇ.

ಬದಿಯಡ್ಕ ರೇಡಿಯೋ · ಜೂನ್ 14

ನನಗೆ ಇನ್ನೊಂದು ಕಾರಣವೂ ಕಾಣುತ್ತದೆ. ಪೈ ಕೆಟ್ಟರೆ ಹೊಸದು ತರಬೇಕು. ಈ ಟಿವಿ ಗೇಮ್‌ನಲ್ಲಿ ಪ್ರತಿ ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಹುಡುಗನಿಗೆ ಕಣ್ಣಿಗೆ ಕಾಣುತ್ತದೆ. ಕಲಿಯಲು ಇದಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ.

ಪೆರ್ಲದ ಹುಡುಗ · ಜೂನ್ 20

ಕ್ಲೀನ್ ಮಾಡಿದ ಮೇಲೆ ಟಿವಿ ಗೇಮ್ ಹತ್ತಿತು! ಗೆಳೆಯನ ಮನೆಯ ಹಳೆ ಟಿವಿಗೆ ಹಾಕಿ ನೋಡಿದೆ. ಕಾಂಟ್ರಾ ಆಟ ಶುರುವಾಗುವ ಸಂಗೀತ ಕೇಳಿದಾಗ ಅಮ್ಮನೂ ಅಡುಗೆಮನೆಯಿಂದ ಬಂದು ನಿಂತರು ಅಂತ ಬರೆಯೋಣ ಅಂದುಕೊಂಡೆ, ಆದರೆ ಅದು ಗೆಳೆಯನ ಅಮ್ಮ.

ಮಂಗಳೂರಿನಿಂದ ತಂದದ್ದು: ಕಾರಿನ ರಿವರ್ಸ್ ಕ್ಯಾಮೆರಾಕ್ಕೆ ಹಾಕುವ 4.3 ಇಂಚಿನ ಸ್ಕ್ರೀನ್, ಟಿಪಿ4056 ಚಾರ್ಜಿಂಗ್ ಬೋರ್ಡ್, ವೋಲ್ಟೇಜ್ ಏರಿಸುವ ಎಂಟಿ3608, ಧ್ವನಿಗೆ ಪಿಎಎಂ8403, ಒಂದು ಸಣ್ಣ ಸ್ಪೀಕರ್. ಮೀಟರಿನಲ್ಲಿ ಟಿವಿ ಗೇಮ್ 180 ಮಿಲಿಆಂಪ್ ತೋರಿಸಿತು. ಸ್ಕ್ರೀನ್ 12 ವೋಲ್ಟಿನದ್ದು. ಬ್ಯಾಟರಿ 3.7 ವೋಲ್ಟಿನದ್ದು. ಇವೆರಡನ್ನು ಹೇಗೆ ಸೇರಿಸುವುದು? ಇನ್ನೊಂದು, ಆನ್‌ಲೈನ್‌ನಲ್ಲಿ 9800 ಎಂಎಎಚ್‌ನ 18650 ಬ್ಯಾಟರಿ ಅಗ್ಗಕ್ಕೆ ಕಾಣಿಸಿತು. ತರಿಸಲಾ?

ಹೊಸೂರು ಬೋರ್ಡ್ · ಜೂನ್ 20

ಆ ಬ್ಯಾಟರಿ ಬೇಡ, ಖಂಡಿತ ಬೇಡ. 18650 ಗಾತ್ರದ ಸೆಲ್‌ನಲ್ಲಿ ನಿಜವಾಗಿ 3500 ಎಂಎಎಚ್‌ನ ಆಸುಪಾಸಿಗಿಂತ ಜಾಸ್ತಿ ತುಂಬಲು ಆಗುವುದಿಲ್ಲ. 9800 ಅಂತ ಬರೆದಿದ್ದರೆ ಅದು ಸುಳ್ಳು. ತೂಗಿ ನೋಡಿದರೂ ಗೊತ್ತಾಗುತ್ತದೆ. ಒಳ್ಳೆಯ ಸೆಲ್ 45 ಗ್ರಾಂ ಆಸುಪಾಸು ಇರುತ್ತದೆ, ಮೋಸದ್ದು ತುಂಬಾ ಹಗುರ. ಒಳ್ಳೆಯ ಅಂಗಡಿಯಿಂದ 2600ರದ್ದು ಒಂದು ತನ್ನಿ. ಸೆಲ್‌ನ ಮೇಲೆ ನೇರವಾಗಿ ಬೆಸುಗೆ ಹಾಕಬೇಡಿ, ಬಿಸಿಗೆ ಒಳಗೆ ಹಾಳಾಗುತ್ತದೆ. ಸೆಲ್ ಕೂರಿಸುವ ಹೋಲ್ಡರ್ ಸಿಗುತ್ತದೆ, ಅದನ್ನೇ ಹಾಕಿ.

ಸ್ಕ್ರೀನಿನ ವಿಷಯ. 12 ವೋಲ್ಟ್ ಅಂತ ಬರೆದಿದ್ದರೂ ಒಳಗೆ ಅದು 12ರಲ್ಲಿ ಕೆಲಸ ಮಾಡುವುದಿಲ್ಲ. ಹಿಂದಿನ ಬೋರ್ಡಿನಲ್ಲಿ ಎಂಟು ಕಾಲಿನ ಒಂದು ಸಣ್ಣ ಐಸಿ 12 ಅನ್ನು ಇಳಿಸುತ್ತದೆ. 12 ವೋಲ್ಟ್ ಕೊಟ್ಟು ಆ ಐಸಿ ದಾಟಿದ ಮೇಲೆ ಎಷ್ಟು ಬರುತ್ತದೆ ಅಂತ ಅಳೆಯಿರಿ. 5 ಬಂದರೆ, ಐಸಿ ತೆಗೆದು ಅಲ್ಲಿಗೆ ನೇರ 5 ಕೊಡಿ. 3.3 ಬಂದರೆ ಇಲ್ಲಿ ಹೇಳಿ, ದಾರಿ ಬೇರೆ. 3.7 ಅನ್ನು 12ಕ್ಕೆ ಏರಿಸಿ, ಆಮೇಲೆ ಒಳಗೆ ಮತ್ತೆ 5ಕ್ಕೆ ಇಳಿಸಿದರೆ ಎರಡು ಕಡೆಯೂ ಬ್ಯಾಟರಿ ಸೋರಿದ ಹಾಗೆ.

ಪೆರ್ಲದ ಹುಡುಗ · ಜೂನ್ 22

5 ಬಂತು! ಐಸಿ ತೆಗೆದೆ. ಈಗ ಸ್ಕ್ರೀನ್ 5 ವೋಲ್ಟಿನಲ್ಲಿ 340 ಮಿಲಿಆಂಪ್ ಎಳೆಯುತ್ತದೆ.

ಮಂಜೇಶ್ವರ ಟೀಚರ್ · ಜೂನ್ 22

ಈಗ ಲೆಕ್ಕ ಸುಲಭ. ಟಿವಿ ಗೇಮ್ 5 ವೋಲ್ಟ್ ಗುಣಿಸು 0.18 ಆಂಪ್, 0.9 ವ್ಯಾಟ್. ಸ್ಕ್ರೀನ್ 5 ಗುಣಿಸು 0.34, 1.7 ವ್ಯಾಟ್. ಒಟ್ಟು 2.6 ವ್ಯಾಟ್. ವೋಲ್ಟೇಜ್ ಏರಿಸುವ ಬೋರ್ಡ್ ನೂರಕ್ಕೆ 85ರಷ್ಟನ್ನು ದಾಟಿಸುತ್ತದೆ ಅಂತ ಇಟ್ಟುಕೊಂಡರೆ ಬ್ಯಾಟರಿಯಿಂದ ಹೊರಡಬೇಕಾದದ್ದು ಸುಮಾರು 3.1 ವ್ಯಾಟ್. ನಿನ್ನ ಸೆಲ್ 2.6 ಆಂಪ್‌ಗಂಟೆ, 3.7 ವೋಲ್ಟ್. ಗುಣಿಸಿದರೆ 9.6 ವ್ಯಾಟ್‌ಗಂಟೆ. 9.6 ಅನ್ನು 3.1ರಿಂದ ಭಾಗಿಸು. ಮೂರು ಗಂಟೆ. ಸ್ಪೀಕರಿಗೂ ಸ್ವಲ್ಪ ಹೋಗುತ್ತದೆ, ಹಾಗಾಗಿ ಎರಡೂಮುಕ್ಕಾಲು ಅಂತ ಹಿಡಿ.

ನೋಡು, ಜಾಸ್ತಿ ತಿನ್ನುವುದು ಆಟ ಅಲ್ಲ, ಬೆಳಕು. ಸ್ಕ್ರೀನಿನ ಬೆಳಕು ಕಡಿಮೆ ಮಾಡಿದರೆ ಹೊತ್ತು ಉದ್ದ ಆಗುತ್ತದೆ. 7805 ಇಟ್ಟುಕೊಂಡು 9 ವೋಲ್ಟ್ ಕೊಟ್ಟಿದ್ದರೆ 0.9 ವ್ಯಾಟಿನ ಕೆಲಸಕ್ಕೆ ಇನ್ನೂ 0.72 ವ್ಯಾಟ್ ಬರೀ ಬಿಸಿಗೆ ಹೋಗುತ್ತಿತ್ತು. ಹಿರಿಯರು ಅದನ್ನು ತೆಗೆಯಲು ಹೇಳಿದ್ದು ಇದಕ್ಕೇ.

ಪೆರ್ಲದ ಹುಡುಗ · ಜೂನ್ 29

ಬೇಜಾರಿನ ಸುದ್ದಿ. ಎಲ್ಲ ಜೋಡಿಸಿ ಸ್ವಿಚ್ ಹಾಕುವ ಮೊದಲು ಧ್ವನಿಯ ಬೋರ್ಡ್ ಒಂದನ್ನೇ ಪರೀಕ್ಷೆ ಮಾಡೋಣ ಅಂತ ಎಂಟಿ3608ಕ್ಕೆ ಹಾಕಿದೆ. ಟಕ್ ಅಂತ ಶಬ್ದ, ಸಣ್ಣ ಹೊಗೆ. ಆಮೇಲೆ ಮೀಟರ್ ಹಿಡಿದರೆ 21 ವೋಲ್ಟ್. ನಾನು 5 ಇರುತ್ತದೆ ಅಂದುಕೊಂಡಿದ್ದೆ. ಟಿವಿ ಗೇಮ್ ಹಾಕಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಂಡರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ.

ಬದಿಯಡ್ಕ ರೇಡಿಯೋ · ಜೂನ್ 29

ಹೋಗಲಿ ಮಾರಾಯ. ಐವತ್ತು ರೂಪಾಯಿ ಒಳಗಿನ ಬೋರ್ಡ್ ಅದು. ಅಪ್ಪ ತಂದ ಗೇಮ್ ಉಳಿಯಿತಲ್ಲ.

ಆ ಎಂಟಿ3608ರ ಮೇಲೆ ಹಿತ್ತಾಳೆ ತಿರುಪು ಇರುವ ನೀಲಿ ಡಬ್ಬಿ ಇದೆ. 28 ವೋಲ್ಟಿನವರೆಗೆ ಏರಿಸಬಲ್ಲದು. ಅಂಗಡಿಯಿಂದ ಬರುವಾಗ ಎಲ್ಲಿಗೆ ತಿರುಗಿರುತ್ತದೆ ಅಂತ ಹೇಳಲಿಕ್ಕಾಗದು. ನಿನ್ನ ಧ್ವನಿಯ ಬೋರ್ಡ್ ತಡೆಯುವುದು ಐದೂವರೆ ವೋಲ್ಟ್ ಮಾತ್ರ. ಇನ್ನು ಮೇಲೆ ಯಾವ ಬೋರ್ಡ್ ತಂದರೂ ಅದರ ಮುಂದೆ ಏನೂ ಹಾಕದೆ ಮೀಟರ್ ಹಿಡಿ. 5.0 ಬರುವವರೆಗೆ ತಿರುಪು ತಿರುಗಿಸು. ಆಮೇಲೆ ತಿರುಪಿನ ಮೇಲೆ ಒಂದು ತೊಟ್ಟು ನೇಲ್ ಪಾಲಿಶ್ ಹಾಕು, ಅಲುಗುವುದಿಲ್ಲ. ಇದನ್ನು ನಾನೇ ಮೊದಲು ಹೇಳಬೇಕಿತ್ತು.

ಟಿಪಿ4056ರ ವಿಷಯವನ್ನೂ ಈಗಲೇ ಕೇಳಿಕೋ. ಚಾರ್ಜಿಗೆ ಹಾಕಿದಾಗ ಆಡಬೇಡ, ಸ್ವಿಚ್ ಆಫ್ ಇರಲಿ. ಆಟ ಕರೆಂಟ್ ಎಳೆಯುತ್ತಿದ್ದರೆ ಸೆಲ್ ತುಂಬಿತೋ ಇಲ್ಲವೋ ಅಂತ ಆ ಚಿಪ್ಪಿಗೆ ಗೊತ್ತಾಗುವುದಿಲ್ಲ. ಮತ್ತೆ, ಔಟ್ ಎಂದು ಬರೆದ ಎರಡು ಜಾಗ ಇರುವ ಬೋರ್ಡೇ ಆಗಿರಬೇಕು. ಸೆಲ್ ಪೂರ್ತಿ ಖಾಲಿಯಾದರೆ ಕಡಿದು ಹಾಕುವ ರಕ್ಷಣೆ ಅದರಲ್ಲಿ ಮಾತ್ರ ಇರುವುದು.

ಪೆರ್ಲದ ಹುಡುಗ · ಜುಲೈ 13

ಹೊಸ ಧ್ವನಿ ಬೋರ್ಡ್ ಹಾಕಿದೆ. ಮೇಜಿನ ಮೇಲೆ ಎಲ್ಲ ಹರಡಿಕೊಂಡು ಮಾರಿಯೋ ಓಡುತ್ತಿದೆ. ಒಂದೇ ತೊಂದರೆ. ಸಂಗೀತ ಜೋರಾದಾಗ ಸ್ಕ್ರೀನಿನ ಮೇಲೆ ಅಡ್ಡ ಗೆರೆಗಳು ಬರುತ್ತವೆ. ಧ್ವನಿ ಕಡಿಮೆ ಮಾಡಿದರೆ ಗೆರೆಯೂ ಇಲ್ಲ. ಬಂದೂಕು ಕೂಡ ಕೆಲಸ ಮಾಡುವುದಿಲ್ಲ, ಬಾತುಕೋಳಿ ಬೀಳುವುದೇ ಇಲ್ಲ.

ಹೊಸೂರು ಬೋರ್ಡ್ · ಜುಲೈ 13

ಬಂದೂಕು ಬಿಟ್ಟುಬಿಡಿ. ಅದು ಹಳೆ ಪಿಕ್ಚರ್ ಟ್ಯೂಬ್ ಟಿವಿ ಬೆಳಕು ಬಿಡುವ ರೀತಿಯನ್ನೇ ನಂಬಿ ಮಾಡಿದ್ದು. ಈ ಸ್ಕ್ರೀನಿನಲ್ಲಿ ಆಗುವುದಿಲ್ಲ.

ಗೆರೆ ಬರುವುದು ಗ್ರೌಂಡ್ ತಂತಿಯಿಂದ, ಅಂದರೆ ಮೈನಸ್ ತಂತಿಯಿಂದ. ಗ್ರೌಂಡನ್ನು ಒಂದರಿಂದ ಒಂದಕ್ಕೆ ಸರಪಳಿ ಹಾಗೆ ಎಳೆದಿದ್ದೀರಾ? ಸ್ಪೀಕರ್ ಒಮ್ಮೆಲೇ ಕರೆಂಟ್ ಎಳೆದಾಗ ಆ ತಂತಿಯಲ್ಲೇ ವೋಲ್ಟೇಜ್ ಏರುಪೇರಾಗಿ ಚಿತ್ರಕ್ಕೂ ತಾಗುತ್ತದೆ. ಸ್ಕ್ರೀನ್, ಟಿವಿ ಗೇಮ್, ಧ್ವನಿ ಮೂರರ ಗ್ರೌಂಡನ್ನೂ ಬೇರೆ ಬೇರೆ ತಂತಿಯಲ್ಲಿ ತಂದು ಎಂಟಿ3608ರ ಬಾಯಲ್ಲೇ ಸೇರಿಸಿ. ಧ್ವನಿ ಬೋರ್ಡಿನ ಕರೆಂಟ್ ಕಾಲುಗಳಿಗೆ ಅಡ್ಡಲಾಗಿ 470 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್ ಹಾಕಿ. ಪ್ಲಸ್ ಮೈನಸ್ ನೋಡಿ ಹಾಕಿ.

ಪೆರ್ಲದ ಹುಡುಗ · ಜುಲೈ 14

ಗೆರೆ ಹೋಯಿತು ಅಣ್ಣ! ತುಂಬಾ ತುಂಬಾ ಥ್ಯಾಂಕ್ಸ್. ರಾತ್ರಿ ಹನ್ನೊಂದಕ್ಕೆ ಸರಿಯಾಯಿತು, ಮನೆಯಲ್ಲಿ ಎಲ್ಲರನ್ನೂ ಎಬ್ಬಿಸಿ ತೋರಿಸಿದೆ.

ಇನ್ನು ಪೆಟ್ಟಿಗೆ. ತ್ರೀಡಿ ಪ್ರಿಂಟ್ ಮಾಡಿಸಲಾ?

ಅಕ್ಕಲಕೋಟೆ · ಜುಲೈ 15

ಮಾಡಿಸಿದರೆ ಪಿಎಲ್‌ಎ ಅನ್ನೋ ಪ್ಲಾಸ್ಟಿಕ್ ಬೇಡ್ರಿ ತಮ್ಮಾ. 60 ಡಿಗ್ರಿ ಹತ್ತಿರ ಬಂದರೆ ಅದು ಮೆತ್ತಗಾಗುತ್ತದೆ. ನನ್ನ ಮೊದಲ ಪೆಟ್ಟಿಗೆ ಬಿಸಿಲಲ್ಲಿ ನಿಂತ ಕಾರಿನೊಳಗೆ ಹಪ್ಪಳದ ಹಾಗೆ ಬಾಗಿತು. ಪೆಟ್‌ಜಿ ಅಂತ ಕೇಳ್ರಿ, ಅದು 80ರ ತನಕ ತಡೆಯುತ್ತದೆ. ನೀವು ಮಾಡಿದ್ದನ್ನು ನೋಡುತ್ತಾ ಇದ್ದೀನಿ. ನಮ್ಮ ಮನೆಯ ಹಳೆ ಟಿವಿ ಗೇಮ್ ಎಲ್ಲಿದೆ ಅಂತ ನಾನೂ ಹುಡುಕಲು ಶುರು ಮಾಡಿದ್ದೀನಿ.

ಬದಿಯಡ್ಕ ರೇಡಿಯೋ · ಜುಲೈ 15

ಮರದಲ್ಲೇ ಮಾಡಿಸು. ನಿಮ್ಮ ಕಡೆ ಹಲಸಿನ ಹಲಗೆ ಸಿಗದ ಮನೆ ಇಲ್ಲ. ಆಚಾರಿ ಹತ್ತಿರ ಆರು ಮಿ.ಮೀ. ದಪ್ಪಕ್ಕೆ ಚೆನ್ನಾಗಿ ಒಣಗಿದ ಹಲಗೆ ಕೇಳು. ಹಸಿ ಇದ್ದರೆ ಮಳೆಗಾಲ ಮುಗಿದ ಮೇಲೆ ಬಿರಿಯುತ್ತದೆ. ಟಿವಿ ಗೇಮ್ ಬಿಸಿಯಾಗುವುದಿಲ್ಲ, ಹಾಗಾಗಿ ಮರ ಆಗುತ್ತದೆ. ಪಿಎಸ್2ಗೆ ಮರ ಆಗದು, ಮರ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಅದಕ್ಕೆ ಅಲ್ಯೂಮಿನಿಯಂ ತಗಡು, ಫ್ಯಾನ್ ಎರಡೂ ಬೇಕು.

ಗುಂಡಿಗಳಿಗೆ ಹೊಸ ಸ್ವಿಚ್ ಹುಡುಕಬೇಡ. ಹಳೆ ರಿಮೋಟಿನ ಬೋರ್ಡ್, ರಬ್ಬರ್, ಗುಂಡಿ ಮೂರನ್ನೂ ಹಾಗೇ ಮರದೊಳಗೆ ಕೂರಿಸು. ರಿಮೋಟಿನಿಂದ ಬರುವುದು ಐದೇ ತಂತಿ. ಬೆರಳಿಗೆ ಅಭ್ಯಾಸ ಆದ ಒತ್ತು ಅದೇ ಆಗಿರುತ್ತದೆ. ತೂತುಗಳಿಗೆ ಸೊಳ್ಳೆ ಪರದೆಯ ಸಣ್ಣ ತುಂಡು ಅಂಟಿಸು. ಇಲ್ಲದಿದ್ದರೆ ಮುಂದಿನ ವರ್ಷ ಇರುವೆ ಮತ್ತೆ ಬರುತ್ತದೆ.

ಪೆರ್ಲದ ಹುಡುಗ · ಆಗಸ್ಟ್ 24

ಬರೆಯದೆ ತುಂಬಾ ದಿನ ಆಯಿತು. ತೋಟಕ್ಕೆ ಮದ್ದು ಬಿಡುವ ಕೆಲಸ ಇತ್ತು, ಮಳೆಯೂ ಬಿಡಲಿಲ್ಲ. ಆದರೂ ಮುಗಿಯಿತು.

ಹಲಸಿನ ಮರ, ಆರು ಮಿ.ಮೀ. ಎಣ್ಣೆ ಹಚ್ಚಿದ ಮೇಲೆ ಜೇನಿನ ಬಣ್ಣ ಬಂದಿದೆ. ಕ್ಯಾಸೆಟ್ ಹಿಂಬದಿಯಿಂದ ಚುಚ್ಚುತ್ತೇನೆ, ಅರ್ಧ ಹೊರಗೆ ನಿಲ್ಲುತ್ತದೆ. ಎಡಗಡೆ ನಾಲ್ಕು ದಿಕ್ಕಿನ ಗುಂಡಿ, ಬಲಗಡೆ ಎ, ಬಿ. ನಡುವೆ ಸ್ಕ್ರೀನ್. ದಿನಸಿ ಅಂಗಡಿಯ ತಕ್ಕಡಿಯಲ್ಲಿ 610 ಗ್ರಾಂ ತೂಗಿತು. ಮೊನ್ನೆ ಸಂಜೆ ಆರಕ್ಕೆ ಕರೆಂಟ್ ಹೋಯಿತು. ಅಕ್ಕನ ಮಕ್ಕಳಿಬ್ಬರೂ ಸರದಿ ಮಾಡಿಕೊಂಡು ಆಡಿದರು. ಎಂಟು ಮುಕ್ಕಾಲು ದಾಟಿ ಐದು ನಿಮಿಷಕ್ಕೆ ಸ್ಕ್ರೀನ್ ಆರಿತು. ಟೀಚರ್, ನಿಮ್ಮ ಲೆಕ್ಕಕ್ಕಿಂತ ಐದೇ ನಿಮಿಷ ಜಾಸ್ತಿ!

ಇನ್ನೊಂದು ಸುದ್ದಿ. ಅಂಗಡಿಯಲ್ಲಿ 8.5 ವೋಲ್ಟ್ ಕೊಟ್ಟು ನೋಡಿದೆವು. ಪಿಎಸ್2ರ ಕೆಂಪು ದೀಪ ಹತ್ತಿತು, ಒತ್ತಿದರೆ ಹಸಿರಾಯಿತು. ಅದೇ ವೋಲ್ಟಿನ ಹೊಸ ಅಡಾಪ್ಟರ್ ಮತ್ತು ಎಚ್‌ಡಿಎಂಐಗೆ ಬದಲಿಸುವ ಸಣ್ಣ ಡಬ್ಬಿ ತಂದೆ. ಈಗ ಹೊಸ ಟಿವಿಯಲ್ಲೇ ಬರುತ್ತದೆ. ಅಣ್ಣನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಅವನ ಹಳೆ ಮೆಮೊರಿ ಕಾರ್ಡಿನಲ್ಲಿ 2009ರಲ್ಲಿ ಅವನು ಉಳಿಸಿದ ಆಟ ಇನ್ನೂ ಇತ್ತು. ಸ್ವಲ್ಪ ಹೊತ್ತು ಅವನು ಮಾತೇ ಆಡಲಿಲ್ಲ. ಅದನ್ನು ನಾನು ಇನ್ನು ಬಿಚ್ಚುವುದಿಲ್ಲ.

ಆದರೆ ಪಿಎಸ್2 ಕೈಗೇಮ್ ಮಾಡುವ ಆಸೆ ಹೋಗಿಲ್ಲ. ಯಾರ ಮನೆಯಲ್ಲಾದರೂ ಡಿಸ್ಕ್ ಓದದ, ಮೂಲೆಗೆ ಹಾಕಿದ ತೆಳು ಪಿಎಸ್2 ಇದ್ದರೆ ಕೊಡುತ್ತೀರಾ? ಹಣ ಕೊಡುತ್ತೇನೆ.

ಮಂಜೇಶ್ವರ ಟೀಚರ್ · ಆಗಸ್ಟ್ 24

ಮಗಾ, ಓದಿ ತುಂಬಾ ಖುಷಿಯಾಯಿತು. ಒಂದು ದಿನ ನಮ್ಮ ಶಾಲೆಗೆ ಅದನ್ನು ಹಿಡಿದುಕೊಂಡು ಬಾ. ಹಿಂದಿನ ಮುಚ್ಚಳ ತಿರುಪು ತೆಗೆದು ತೋರಿಸುವ ಹಾಗೆ ಇರಲಿ.

ಉಪ್ಪಳ ಗಲ್ಫ್ · ಆಗಸ್ಟ್ 25

ಜೂನ್‌ನಿಂದ ಎಲ್ಲ ಓದಿಕೊಂಡು ಬರುತ್ತಿದ್ದೇನೆ, ಬರೆದಿರಲಿಲ್ಲ. ನಾನೂ ಹದಿನಾಲ್ಕು ವರ್ಷ ದುಬೈಯಲ್ಲಿದ್ದವ. ನಮ್ಮ ಕಪಾಟಿನಲ್ಲಿ 75000 ಸರಣಿಯ ಒಂದು ತೆಳು ಪಿಎಸ್2 ಉಂಟು. ಲೆನ್ಸ್ ಹೋಗಿ ವರ್ಷಗಳಾದವು. ದೀಪ ಹತ್ತುತ್ತದೆ, ಡಿಸ್ಕ್ ಓದುವುದಿಲ್ಲ. ನನ್ನ ಮಕ್ಕಳಿಗೆ ಅದು ಬೇಡ. ನಿನಗೆ ಕೊಡುತ್ತೇನೆ, ಹಣ ಬೇಡ. ಭಾನುವಾರ ಬೆಳಿಗ್ಗೆ ಉಪ್ಪಳ ಸ್ಟೇಷನ್ನಿಗೆ ಬಂದರೆ ಅಲ್ಲೇ ಕೊಡುತ್ತೇನೆ.

ಪೆರ್ಲದ ಹುಡುಗ · ಆಗಸ್ಟ್ 25

ಇಚ್ಚಾ, ಏನು ಹೇಳಬೇಕು ಗೊತ್ತಾಗುತ್ತಿಲ್ಲ. ಭಾನುವಾರ ಒಂಬತ್ತಕ್ಕೆ ಅಲ್ಲಿರುತ್ತೇನೆ. ಹಲಸಿನ ಗೇಮನ್ನೂ ತರುತ್ತೇನೆ, ನಿಮ್ಮ ಮಕ್ಕಳನ್ನೂ ಕರೆದುಕೊಂಡು ಬನ್ನಿ.

ಹೊಸೂರು ಬೋರ್ಡ್ · ಆಗಸ್ಟ್ 25

ಬೋರ್ಡ್ ಕೈಗೆ ಬಂದ ಮೇಲೆ ಎರಡೂ ಬದಿಯ ಫೋಟೋ ಇಲ್ಲಿ ಹಾಕಿ. ಕತ್ತರಿಸುವ ಗೆರೆ ಆಮೇಲೆ. ಮೊದಲು ಡಿಸ್ಕ್ ಭಾಗ ಬಿಚ್ಚಿಟ್ಟು, ಮೈಕ್ರೋ ಎಸ್‌ಡಿಯಿಂದ ಒಂದು ಆಟ ಓಡಿಸಿ ತೋರಿಸಿ. ಆಗ ಎಷ್ಟು ಆಂಪ್ ಎಳೆಯುತ್ತದೆ ಅಂತ ಅಳೆದು ಟೀಚರಿಗೆ ಕೊಡಿ.

ಬದಿಯಡ್ಕ ರೇಡಿಯೋ · ಆಗಸ್ಟ್ 25

ಬಿಚ್ಚಿದ ಡಿಸ್ಕ್ ಭಾಗವನ್ನು ಎಸೆಯಬೇಡ ತಮ್ಮಾ. ಬದಿಯಡ್ಕಕ್ಕೆ ಬರುವಾಗ ತಾ. ಅದರೊಳಗಿನ ಮೋಟಾರ್ ನನಗೊಂದು ಕೆಲಸಕ್ಕೆ ಬೇಕು.